ಮೆಣಸಿನಕಾಯಿ ರಾಶಿಯ ನಡುವೆ ಮುಖಚಿತ್ರ

ಬ್ಯಾಡಗಿಯ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರೆಲ್ಲ ಮೊದಲು ಮೆಣಸಿನಕಾಯಿ ರಾಶಿಗೇ ಮರುಳಾಗುತ್ತಾರೆ. ನಮ್ಮ ಛಾಯಾಗ್ರಹಣ ತಂಡವೂ ಅದರ ಸುತ್ತ ಚದುರಿತು. ನನಗೆ ಬೇಕಿದ್ದುದು ರಾಶಿಯ ಬದಿಯಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಂಗಸರ ಮುಖ. ಅದು ಸುಲಭವಲ್ಲ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದರ ಸತ್ವ ಲಿಪ್‌ಸ್ಟಿಕ್, ಉಗುರು ಬಣ್ಣಗಳಿಗೂ ಹೋಗುತ್ತದೆ. ಬಿಸಿಲು ಅಂಥ ರಾಶಿಗೆ ಬಡಿದು ಮೇಲೆದ್ದರೆ ಗದ್ದ, ಮೂಗಿನ ಕೆಳಭಾಗ, ಕಣ್ಣಡಿಯ ನೆರಳು ಎಲ್ಲವೂ ಕೆಂಪೇರುತ್ತವೆ.

ಒಬ್ಬರ ಎದುರು ಎಲ್ಲರೂ ಲೆನ್ಸ್ ಎತ್ತಿದರೆ ಆ ಮುಖ ಬಿಗಿದುಕೊಳ್ಳುತ್ತದೆ, ಅದು ಮರ್ಯಾದೆಯೂ ಅಲ್ಲ. ಆದ್ದರಿಂದ ತೆಗೆಯುವವರೊಬ್ಬರು, ನೆರವಿಗೊಬ್ಬರು ಎಂದು ಜೋಡಿಗಳಾದೆವು. ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದ ಹಿರಿಯರೊಬ್ಬರ ಬಳಿ ಹೋಗಿ ಅನುಮತಿ ಕೇಳಿದೆ. "ಕುಳಿತುಕೋ ತಮ್ಮಾ. ಇದರಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಹೇಳು ನೋಡೋಣ" ಎಂದು ಎರಡು ಕಾಯಿಗಳನ್ನು ಅಂಗೈಗೆ ಹಾಕಿದರು. ಗಿಡ್ಡಗೆ ಉಬ್ಬಿದ್ದು ಡಬ್ಬಿ, ಉದ್ದಕ್ಕೆ ಸುಕ್ಕುಗಟ್ಟಿದ್ದು ಕಡ್ಡಿ. ಉತ್ತರ ಸರಿಯಾದಾಗ ಸೆರಗು ಸರಿಸಿ ನಕ್ಕರು. ನನ್ನ ಚಿತ್ರ ಅಲ್ಲಿಂದಲೇ ಶುರುವಾಯಿತು.

ಜೊತೆಗಿದ್ದ ಗೆಳತಿ ಬಿಳಿ ಪಂಚೆಯೊಂದನ್ನು ಆ ಹಿರಿಯ ಅಮ್ಮನ ಮುಂದಿನ ರಾಶಿಯ ಮೇಲೆ, ಚೌಕಟ್ಟಿನ ಹೊರಗೆ ಬೀಳುವಂತೆ ಹಾಸಿದಳು. ಕೆಳಗಿನ ಕೆಂಪು ತಟ್ಟನೆ ಇಳಿಯಿತು. ಬಿಳಿ ಬೆಳಕು ಕಣ್ಣಿನೊಳಗೆ ಬಂತು. ಆಮೇಲೆ ಕಂಪ್ಯೂಟರಿನಲ್ಲಿ ನೂರು ಸ್ಲೈಡರ್ ಎಳೆದರೂ ಆ ಪಂಚೆ ಮಾಡಿದ ಕೆಲಸ ಆಗುತ್ತಿರಲಿಲ್ಲ. 85 ಎಂಎಂ ಲೆನ್ಸ್, ಎಫ್/2.8, ಫೋಕಸ್ ಹತ್ತಿರದ ಕಣ್ಣಿಗೆ, ಫೈಲ್ ರಾ ರೂಪದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ. ಆಮೇಲೆ ಬಣ್ಣ ಸರಿಪಡಿಸಲು ಆಧಾರವಾಗುವ ಬೂದು ಕಾರ್ಡ್ ಹಿಡಿಸಿ ಒಂದು ಫ್ರೇಮ್ ತೆಗೆದುಕೊಂಡೆ. ಇಲ್ಲಿ ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನಂಬಬಾರದು: ಅದು ಸರಿಯಾಗಿಯೇ ಕಾಣುತ್ತಿರುವಾಗಲೂ ಕೆಂಪು ಚಾನೆಲ್ ತುಂಬಿ ಒಡೆದು, ಕೆಂಪಿನ ವಿವರ ಕಳೆದುಹೋಗಿರುತ್ತದೆ. ಮೂರೂ ಬಣ್ಣಗಳದ್ದನ್ನು ಬೇರೆ ಬೇರೆಯಾಗಿ ನೋಡಿ, ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದೆ. ಘಾಟು, ದೂಳು ಎರಡೂ ಇದ್ದುದರಿಂದ ಅಲ್ಲಿ ಲೆನ್ಸ್ ಬದಲಿಸಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ಎಲ್ಲರೂ ಲ್ಯಾಪ್‌ಟಾಪ್ ತೆರೆದು ಕುಳಿತೆವು. ಲೈಟ್‌ರೂಮ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಬಣ್ಣದ ಹೊಂದಾಣಿಕೆ) ಸರಿಪಡಿಸಿ, ಚರ್ಮದ ಭಾಗವನ್ನಷ್ಟೇ ಆರಿಸುವ ಮಾಸ್ಕ್ ಹಾಕಿ, ಅದರೊಳಗೆ ಸ್ಯಾಚುರೇಶನ್ (ಬಣ್ಣದ ಗಾಢತೆ) ತುಸು ತಗ್ಗಿಸಿ ನೆರಳನ್ನು ಎತ್ತಿದೆ. ಇಡೀ ಚಿತ್ರದ ಕೆಂಪನ್ನೇ ಇಳಿಸಿದರೆ ಬ್ಯಾಡಗಿಯೇ ಬಣ್ಣಗೆಡುತ್ತದೆ. ಮುಖವನ್ನು ಬೆಳ್ಳಗೆ ಮಾಡುವ, ಸುಕ್ಕು ಒರೆಸುವ ಸಲಹೆಗಳು ಬಂದವು, ನಾನು ಒಪ್ಪಲಿಲ್ಲ. ಗದ್ದದ ಅಂಚಿನಲ್ಲಿ ಒಂದೆಳೆ ಕೆಂಪನ್ನು ಬೇಕೆಂದೇ ಉಳಿಸಿದೆ, ಬೆರಳ ತುದಿಗಳ ಕಲೆಯನ್ನು ಮುಟ್ಟಲೇ ಇಲ್ಲ. ಕಾಗದದ ಮೇಲೆ ಚಿತ್ರ ತೆರೆಗಿಂತ ಮಬ್ಬಾಗಿ ಬರುವುದರಿಂದ ಪ್ರಿಂಟಿಗೆಂದೇ ಸ್ವಲ್ಪ ಬೆಳಗಿಸಿದ ಪ್ರತಿಯೊಂದನ್ನು ಮಾಡಿ, ಅಮ್ಮ ಹೇಳಿದ್ದ ದಲಾಲರ ಅಂಗಡಿಯ ವಿಳಾಸಕ್ಕೆ ಕಳುಹಿಸಿದೆ.