ಸ್ಟೆಮ್ ಆರಿಸುವ ಮೊದಲು ಮೂಳೆಯ ಆಕಾರ ನೋಡಿ

ಶಿರಸಿ ಕಡೆಯ ಕೊನೆಗೌಡರೊಬ್ಬರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು, ಬಂದಿದ್ದರು. ವಯಸ್ಸು 40 ದಾಟಿರಲಿಲ್ಲ. ತೊಡೆ ಮೂಳೆಯ ತಲೆಗೆ ರಕ್ತ ಸಿಗದೆ ಅದು ಕುಸಿದುಹೋಗಿತ್ತು. ಅದೇ ತಿಂಗಳು ಅಂಕೋಲಾ ಕಡೆಯಿಂದ 75ರ ಅಜ್ಜಿ, ಮೀನು ಮಾರುವವರು, ಅಂಗಳದಲ್ಲಿ ಜಾರಿ ಮೂಳೆ ಮುರಿದುಕೊಂಡು ಬಂದರು. ಇಬ್ಬರಿಗೂ ಸೊಂಟದ ಕೀಲು ಬದಲಿಸಿದೆ. ಹೊಸ ಕೀಲನ್ನು ಹೊತ್ತು ತೊಡೆ ಮೂಳೆಯ ಟೊಳ್ಳಿನೊಳಗೆ ಕೂರುವ ಲೋಹದ ಕಡ್ಡಿಯೇ ಸ್ಟೆಮ್. ಕೊನೆಗೌಡರಿಗೆ ಸಿಮೆಂಟ್ ಇಲ್ಲದ ಸ್ಟೆಮ್, ಅಜ್ಜಿಗೆ ಮೂಳೆ ಸಿಮೆಂಟ್ ಹಾಕಿ ಕೂರಿಸಿದ್ದು. ಬರೀ ವಯಸ್ಸು ನೋಡಿ ಹೀಗೆ ಮಾಡಿದ್ದಲ್ಲ.

ಸಿಮೆಂಟ್ ಇಲ್ಲದ ಸ್ಟೆಮ್ ಮೊದಲು ನಿಲ್ಲುವುದು ಬೆಣೆಯ ಹಾಗೆ, ಬರೀ ಬಿಗಿತದಿಂದ. ಆಮೇಲೆ ವಾರಗಳು ಕಳೆದಂತೆ ಅದರ ಒರಟು ಮೈಗೆ ಮೂಳೆ ಬೆಳೆದು ಹಿಡಿದುಕೊಳ್ಳುತ್ತದೆ. ನಡುವಿನ ಅಲುಗಾಟ ಸುಮಾರು 40 ಮೈಕ್ರಾನ್ ಒಳಗಿದ್ದರೆ ಮೂಳೆ ಬೆಳೆಯುತ್ತದೆ. 150 ದಾಟಿದರೆ ಅಲ್ಲಿ ಬರೀ ನಾರು ಕಟ್ಟುತ್ತದೆ. ಒಂದು ಮಿಲಿಮೀಟರ್ ಅಂದರೆ 1000 ಮೈಕ್ರಾನ್. ಎಷ್ಟು ಸಣ್ಣ ಅಲುಗಾಟದ ಮಾತು ನೋಡಿ!

ಆ ಬಿಗಿತ ಸಿಗುತ್ತದೋ ಇಲ್ಲವೋ ಅನ್ನುವುದರಲ್ಲಿ ಮೂಳೆಯ ಒಳಗಿನ ಟೊಳ್ಳಿನ ಆಕಾರದ ಪಾಲು ದೊಡ್ಡದು. ಕೊನೆಗೌಡರದ್ದು ಆಲಿಕೆಯ ಹಾಗಿತ್ತು: ಮೇಲೆ ಅಗಲ, ಕೆಳಗೆ ಕಿರಿದು, ಗೋಡೆ ದಪ್ಪ. ತೊಡೆ ಮೂಳೆಯನ್ನು ಆಕಾರ ನೋಡಿ ಎ, ಬಿ, ಸಿ ಎಂದು ವಿಂಗಡಿಸುವ ಡಾರ್ ವರ್ಗೀಕರಣದಲ್ಲಿ ಇದು ಎ. ಅಜ್ಜಿಯದ್ದು ಊದುಗೊಳವೆ: ಮೇಲಿಂದ ಕೆಳಗೆ ಹೆಚ್ಚುಕಡಿಮೆ ಒಂದೇ ಅಗಲ, ಗೋಡೆ ತೆಳು. ಅದು ಸಿ. ನಾನು ಅಳೆದೂ ನೋಡುತ್ತೇನೆ. ತೊಡೆ ಮೂಳೆಯ ಮೇಲ್ಭಾಗದಲ್ಲಿ ಒಳಬದಿಗೆ ಇರುವ ಸಣ್ಣ ಉಬ್ಬಿಗಿಂತ 20 ಮಿ.ಮೀ. ಮೇಲೆ ಟೊಳ್ಳು ಎಷ್ಟು ಅಗಲ ಇದೆಯೋ ಅದನ್ನು ಟೊಳ್ಳಿನ ತೀರಾ ಕಿರಿದಾದ ಜಾಗದ ಅಗಲದಿಂದ ಭಾಗಿಸಬೇಕು. ಕೊನೆಗೌಡರದ್ದು 46ಕ್ಕೆ 9, ಅಂದರೆ 5.1. ಅಜ್ಜಿಯದ್ದು 44ಕ್ಕೆ 17, ಅಂದರೆ 2.6. ಮೂರಕ್ಕಿಂತ ಕಡಿಮೆ ಬಂದರೆ ನಾನು ಎಚ್ಚರವಾಗುತ್ತೇನೆ.

ಈ ಅಳತೆಯ ಬೆಲೆ ಗೊತ್ತಾಗಿದ್ದು ಒಂದು ತಪ್ಪಿನಿಂದ. ಶುರುವಿನ ವರ್ಷಗಳಲ್ಲಿ ಒಬ್ಬರ ಎಕ್ಸ್‌ರೇಯಲ್ಲಿ ಪಾದ ಹೊರಗೆ ತಿರುಗಿತ್ತು. ಹಾಗೆ ತೆಗೆದ ಚಿತ್ರ ಮೂಳೆಯ ನಿಜವಾದ ಆಕಾರ ತೋರಿಸುವುದಿಲ್ಲ. ನಾನು ಅದನ್ನೇ ನಂಬಿದೆ. ಸ್ಟೆಮ್ ಕೆಳಗಡೆ ಸಿಕ್ಕಿಕೊಂಡಿತು, ಮೇಲೆ ಸಡಿಲವೇ ಉಳಿಯಿತು. ಟೇಬಲ್ ಮೇಲೆ ಬಿಗಿಯಾಗಿದೆ ಅನ್ನಿಸಿತ್ತು. ಮೂರು ತಿಂಗಳಿಗೆ ಅದು ಕೆಳಗೆ ಇಳಿದಿತ್ತು. ಮೆಟ್ಟಿಲು ಹತ್ತಿದರೆ ತೊಡೆ ನೋವು. ಕಡೆಗೆ ಬದಲಿಸಬೇಕಾಯಿತು. ಅವರ ಆ ಎರಡನೇ ಆಪರೇಷನ್ ನನಗೆ ಇವತ್ತಿಗೂ ನೋವಿನ ವಿಷಯ.

ಈಗ ಎಕ್ಸ್‌ರೇ ಕೋಣೆಗೆ ನಾನೇ ಹೋಗುತ್ತೇನೆ. ಕಾಲನ್ನು ಸುಮಾರು 15 ಡಿಗ್ರಿ ಒಳಗೆ ತಿರುಗಿಸಿ ಹಿಡಿಯುತ್ತೇವೆ. ನೋವಿರುವ ಕಾಲು ತಿರುಗದಿದ್ದರೆ ಅಳತೆಗೆ ಒಳ್ಳೆಯ ಕಾಲು ಸಾಕು. ಚಿತ್ರ ನಿಜಕ್ಕಿಂತ ದೊಡ್ಡದಾಗಿ ಬರುತ್ತದಲ್ವಾ, ಅದಕ್ಕೆ 25 ಮಿ.ಮೀ. ಉಕ್ಕಿನ ಗುಂಡೊಂದನ್ನು ತೊಡೆಯ ಪಕ್ಕ, ಮೂಳೆಯ ಮಟ್ಟದಲ್ಲೇ ಇಡುತ್ತೇವೆ. ಗುಂಡು ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಕಂಡಿತೋ ಅದೇ ಲೆಕ್ಕದಲ್ಲಿ ಮೂಳೆಯ ಅಳತೆ ಸರಿಮಾಡುತ್ತೇವೆ.

ಕೊನೆಗೌಡರ ಆಪರೇಷನ್‌ನಲ್ಲಿ ಬ್ರೋಚ್, ಅಂದರೆ ಸ್ಟೆಮ್‌ಗೆ ಜಾಗ ಮಾಡುವ ಅದೇ ಆಕಾರದ ಒರಟು ಅರ, ಇಳಿಸುತ್ತಿದ್ದಾಗ ಸುತ್ತಿಗೆಯ ಸದ್ದು ಟಕ್ ಹೋಗಿ ಟಣ್ ಆಯಿತು. ಪೂರ್ತಿ ಕೂತಿತು ಅನ್ನುವ ಸದ್ದು ಅದು. ಆದರೆ ಆಲಿಕೆ ಮೂಳೆಯಲ್ಲಿ ತುದಿ ಕೆಳಗೆ ಸಿಕ್ಕಿಕೊಂಡರೂ ಅದೇ ಸದ್ದು ಬರುತ್ತದೆ. ಹಿಡಿಕೆ ತಿರುಚಿ ನೋಡಿದೆ. ಮೇಲ್ಭಾಗ ಒಂದಿಷ್ಟೇ ಮಿಸುಕಿತು. ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದಲ್ಲೂ ತುದಿ ಕೆಳಗೆ ಸಿಕ್ಕಿಕೊಂಡಿದ್ದು ಕಂಡಿತು. ಕೆಳಗಿನ ಕಿರಿದಾದ ಜಾಗವನ್ನು ರೀಮರ್‌ನಿಂದ (ಟೊಳ್ಳು ಕೊರೆಯುವ ಸಾಧನ) ಸ್ವಲ್ಪ ಅಗಲಿಸಿ ಮತ್ತೆ ಇಳಿಸಿದೆ. ಈ ಸಲ ತಿರುಚಿದರೆ ಇಡೀ ತೊಡೆಯೇ ಜೊತೆಗೆ ತಿರುಗಿತು.

ಅಜ್ಜಿಯ ತೆಳು ಗೋಡೆಯಲ್ಲಿ ಬೆಣೆ ಬಡಿದರೆ ಸೀಳುವ ಭಯ. ಮಗ ಮಾತ್ರ 'ಸಿಮೆಂಟ್ ಹಳೇ ಕಾಲದ್ದಲ್ವಾ ಡಾಕ್ಟ್ರೇ' ಎಂದು ಬೇಜಾರು ಮಾಡಿಕೊಂಡಿದ್ದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡೂ ಮೂಳೆ ತೋರಿಸಿದೆ. ಅವರೇ ಬೆರಳಿಟ್ಟು 'ಇಲ್ಲಿ ಗೋಡೆಯೇ ಇಲ್ಲ' ಅಂದರು. ಸಿಮೆಂಟ್ ಹಾಕುವ ಹೊತ್ತಿಗೆ ಬಿಪಿ ಇಳಿಯಬಹುದು ಎಂದು ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿಟ್ಟಿದ್ದೆ. ಮರುದಿನವೇ ಅಜ್ಜಿ ವಾಕರ್ ಹಿಡಿದು ನಿಂತರು.

ಮೂರು ತಿಂಗಳ ಎಕ್ಸ್‌ರೇಯಲ್ಲಿ ಕೊನೆಗೌಡರ ಸ್ಟೆಮ್ ಇಟ್ಟಲ್ಲೇ ಇತ್ತು. 'ಮರ ಹತ್ತಬಹುದಾ?' ಎಂದು ಕೇಳಿದರು. ಹತ್ತುವುದು ಬೇಡ, ನೆಲದ ಮೇಲೆ ನಿಂತು ದೋಟಿಯಲ್ಲಿ ಕೊಯ್ಯಿ ಅಂದೆ.