ಕಣ್ಣಿಗೆ ಒಂದೇ, ಕಿವಿಗೆ ಏಳು: ಓ-ಯು-ಜಿ-ಎಚ್ ಪದಗಳನ್ನು ಕಲಿಸುವುದು ಹೇಗೆ?

ಉಡುಪಿಯ ನಮ್ಮ ಮನೆಯ ಜಗಲಿಗೆ ಸಂಜೆ ಪಾಠಕ್ಕೆ ಬರುವ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಓದುವಾಗ ಎಡವುವ ಜಾಗ ಹೆಚ್ಚಾಗಿ ಒಂದೇ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಒಟ್ಟಾಗಿ ಬರುವ ಪದಗಳು. ಬರೆದಂತೆಯೇ ಓದುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಮಗು ಇಂದು ‘ಟಫ್’ ಕಲಿತು ನಾಳೆ ‘ಆದರೂ’ ಎಂಬರ್ಥದ ‘ದೋ’ ಎಂಬುದನ್ನು ‘ದಫ್’ ಎಂದು ಓದಿದರೆ ಅದನ್ನು ಗದರಿಸುವುದರಲ್ಲಿ ಅರ್ಥವಿಲ್ಲ. ಹೆತ್ತವರು ಮಾತ್ರ ಎಲ್ಲ ಪದಗಳನ್ನೂ ಒಂದೇ ಪಟ್ಟಿಯಲ್ಲಿ ಕೊಟ್ಟು ಹತ್ತು ಹತ್ತು ಸಲ ಬರೆಯಿಸುತ್ತಾರೆ. ಪದಗಳು ಕಣ್ಣಿಗೆ ಒಂದೇ ಥರ ಕಾಣುವುದೇ ಇಲ್ಲಿನ ತೊಡಕಾಗಿರುವಾಗ ಕಣ್ಣಿನಿಂದ ಕಲಿಸಿ ಪ್ರಯೋಜನವಿಲ್ಲ.

ಮೊದಲು 20 ಪದಗಳನ್ನು ಆರಿಸಿಕೊಳ್ಳಿ. ಶಾಲೆಯ ಮಟ್ಟಕ್ಕೆ ಅಷ್ಟು ಸಾಕು. ಬಿಕ್ಕಳಿಕೆಯ ‘ಹಿಕಪ್’ಗೆ ಈ ನಾಲ್ಕು ಅಕ್ಷರಗಳ ಹಳೆಯ ರೂಪವೊಂದಿದೆ, ಅದನ್ನು ಬಿಟ್ಟುಬಿಡಿ.

ನಂತರ ಚೀಟಿಗಳು. ಹಳೆಯ ಮದುವೆ ಕಾಗದಗಳ ಖಾಲಿ ಬದಿಯನ್ನು ಕತ್ತರಿಸಿ ಒಂದೊಂದರಲ್ಲಿ ಒಂದೊಂದು ಪದ ಬರೆಯಿರಿ. ಅಂಗಡಿಯಲ್ಲಿ ಸಿಗುವ ಬಣ್ಣದ ಚಾರ್ಟುಗಳನ್ನು ದಯವಿಟ್ಟು ತರಬೇಡಿ. ಅವುಗಳಲ್ಲಿ ಪದಗಳು ಅಕಾರಾದಿಯಾಗಿರುತ್ತವೆ, ನಮಗೆ ಬೇಕಾದುದು ದನಿಯ ಕ್ರಮ.

ಮೂರನೆಯ ಹಂತವೇ ನಿಜವಾದ ಕೆಲಸ, ಇದಕ್ಕೆ ಕಡಿಮೆಯೆಂದರೂ ಒಂದು ವಾರ ಬೇಕು. ಚೀಟಿಯನ್ನು ತೋರಿಸದೆ ಪದವನ್ನು ಸ್ಪಷ್ಟವಾಗಿ ಹೇಳಿ, ಅದರ ಕೊನೆಯ ದನಿಯನ್ನು ಮಗುವೇ ಕನ್ನಡ ಅಕ್ಷರದಲ್ಲಿ ಚೀಟಿಯ ಹಿಂಬದಿಗೆ ಬರೆಯಲಿ, ಆಮೇಲಷ್ಟೇ ಚೀಟಿ ತಿರುಗಿಸಿ ಸ್ಪೆಲ್ಲಿಂಗ್ ನೋಡಲಿ. ಹೀಗೆ ಮಾಡುತ್ತ ಹೋದರೆ ಏಳು ರಾಶಿಗಳಾಗುತ್ತವೆ. ‘ಊ’ ರಾಶಿಯಲ್ಲಿ ‘ಥ್ರೂ’ ಒಂದೇ. ‘ಓ’ ರಾಶಿಯಲ್ಲಿ ದೋ, ಆಲ್‌ದೋ ಮತ್ತು ಕಲಸಿದ ಹಿಟ್ಟಿನ ‘ಡೋ’. ಇಲ್ಲಿ ದ ಮತ್ತು ಡ ಬೇರೆ ಬೇರೆ ಎಂಬುದು ನಮ್ಮ ಮಕ್ಕಳಿಗೆ ಲಿಪಿಯಿಂದಲೇ ಗೊತ್ತಿರುವುದು ದೊಡ್ಡ ಅನುಕೂಲ. ‘ಅಫ್’ ರಾಶಿಗೆ ರಫ್, ಟಫ್, ಇನಫ್. ‘ಆಫ್’ ರಾಶಿಗೆ ಕಾಫ್ ಮತ್ತು ದನಗಳ ಬಾನಿಯ ‘ಟ್ರಾಫ್’.

ಕೆಮ್ಮಿನ ‘ಕಾಫ್’ ಬಳಿ ಎಚ್ಚರ ಬೇಕು. ನಮ್ಮಲ್ಲಿ ಕಫ ಎಂಬ ಪದ ಮೊದಲೇ ಇರುವುದರಿಂದ ಮನೆಮನೆಯಲ್ಲೂ ‘ಕಫ್ ಸಿರಪ್’ ಎನ್ನುತ್ತಾರೆ, ಕೆಲವರು ಅದನ್ನೇ ನೆನಪಿನ ಸೂತ್ರವಾಗಿ ಹೇಳಿಕೊಡುತ್ತಾರೆ. ಆದರೆ ಕಫ್ ಎಂದರೆ ಅಂಗಿಯ ತೋಳಿನ ಅಂಚು. ಆ ಸೂತ್ರದಿಂದ ಕಲಿತವರು ಈ ಪದವನ್ನು ಟಫ್ ಇರುವ ರಾಶಿಗೆ ಹಾಕಿದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

‘ಔ’ ರಾಶಿಯಲ್ಲಿ ಕೊಂಬೆಯ ‘ಬೌ’, ನೇಗಿಲಿನ ‘ಪ್ಲೌ’ ಮತ್ತು ಬರಗಾಲದ ‘ಡ್ರೌಟ್’ ಇರಬೇಕು. ಕೊನೆಯಲ್ಲಿ ಟಿ ಕಂಡ ಕೂಡಲೇ ಮಕ್ಕಳು ಡ್ರೌಟ್ ಪದವನ್ನು ‘ಥಾಟ್’ ಜೊತೆ ಸೇರಿಸಿ ‘ಡ್ರಾಟ್’ ಎಂದುಬಿಡುತ್ತಾರೆ. ಕನ್ನಡದಲ್ಲಿ ಉಚ್ಚಾರ ಅಚ್ಚುಹಾಕಿದ ಅಗ್ಗದ ಸ್ವಯಂಬೋಧಿನಿಯೊಂದರಲ್ಲೂ ಹಾಗೆಯೇ ಇತ್ತು. ಮಳೆಗಾಗಿ ಶಾಲೆಗೆ ರಜೆ ಕೊಡುವ ನಮ್ಮ ಜಿಲ್ಲೆಯಲ್ಲಿ ಆ ಪದದ ಬಳಕೆ ಕಡಿಮೆಯಿರಬಹುದು, ಪರೀಕ್ಷೆಯಲ್ಲಿ ಮಾತ್ರ ತಪ್ಪದೆ ಬರುತ್ತದೆ.

ಆರನೆಯ ರಾಶಿ ‘ಥರೋ’ ಮತ್ತು ಪಟ್ಟಣದ ‘ಬರೋ’. ಥ್ರೂ ಮತ್ತು ಥರೋ ನಡುವಿನ ವ್ಯತ್ಯಾಸ ಒಂದೇ ಒಂದು ಓ ಅಕ್ಷರ, ಆರ್ ಅಕ್ಷರಕ್ಕಿಂತ ಮೊದಲು ಬರುವಂಥದು. ಪದ ಹೇಳುತ್ತ ಚಪ್ಪಾಳೆ ತಟ್ಟಿಸಿ: ಥ್ರೂಗೆ ಒಂದು ಚಪ್ಪಾಳೆ, ಥರೋಗೆ ಎರಡು, ಎರಡು ಚಪ್ಪಾಳೆ ಬಿದ್ದಲ್ಲಿ ಓ ಕೂಡ ಎರಡು. ಅರ್ಥಕ್ಕೆ, ಮಂಗಳೂರು ಬಸ್ಸು ಪಡುಬಿದ್ರಿಯನ್ನು ಹಾದುಹೋಗುವುದು ಥ್ರೂ, ಕಂಡಕ್ಟರ್ ಒಬ್ಬರನ್ನೂ ಬಿಡದೆ ಟಿಕೆಟ್ ನೋಡುವುದು ಥರೋ. ಇಂಗ್ಲೆಂಡಿನವರು ಇದರ ಕೊನೆಯನ್ನು ‘ಥರ’ ಎಂದೇ ಮುಗಿಸುತ್ತಾರೆ, ಅಮೆರಿಕದವರು ‘ಥರೋ’ ಎನ್ನುತ್ತಾರೆ. ಎರಡೂ ಸರಿ; ಮನೆಯಲ್ಲಿ ಒಂದನ್ನೇ ಬಳಸಿ. ಮೊಬೈಲ್ ಆ್ಯಪ್ ನಂಬಿದರೆ ಅದು ದಿನಕ್ಕೊಂದು ರೀತಿ ಹೇಳುವುದಲ್ಲದೆ, ನೇಗಿಲಿಗೆ ಓ-ಡಬ್ಲ್ಯು ಎಂದು ಮುಗಿಯುವ ಅಮೆರಿಕದ ಸ್ಪೆಲ್ಲಿಂಗ್ ತೋರಿಸಿ ಮಗುವನ್ನು ಗಲಿಬಿಲಿಗೊಳಿಸೀತು.

ಏಳನೆಯದು ‘ಆಟ್’ ರಾಶಿ: ಬಾಟ್, ಬ್ರಾಟ್, ಥಾಟ್, ಫಾಟ್, ‘ಹುಡುಕಿದ’ ಎಂಬರ್ಥದ ಸಾಟ್, ‘ಬೇಕು’ ಎಂಬರ್ಥದ ಆಟ್. ಕೊನೆಯದನ್ನು ಬಿಟ್ಟರೆ ಐದೂ ಭೂತಕಾಲದ ರೂಪಗಳು, ಆದ್ದರಿಂದ ಅವುಗಳನ್ನು ವರ್ತಮಾನದ ರೂಪದೊಂದಿಗೆ ಜೋಡಿಯಾಗಿಯೇ ಕಲಿಸಿ. ಬಾಟ್ ಮತ್ತು ಬ್ರಾಟ್ ಅದಲುಬದಲಾಗದಿರಲು ಆರ್ ಅಕ್ಷರವನ್ನು ಹಿಡಿಯಬೇಕು. ‘ಬ್ರಿಂಗ್’ನಲ್ಲಿ ಆರ್ ಇದೆ, ಬ್ರಾಟ್‌ನಲ್ಲೂ ಇದೆ, ‘ಬೈ’ಯಲ್ಲಿ ಇಲ್ಲ, ಬಾಟ್‌ನಲ್ಲೂ ಇಲ್ಲ. ಮಾರ್ಕೆಟಿನಲ್ಲಿ ಬಂಗುಡೆಯನ್ನು ಬಾಟ್, ಮನೆಗೆ ಬ್ರಾಟ್.

ಯಾಕೆ ಹೀಗೆ ಎಂದು ಮಗು ಕೇಳಿದರೆ ‘ಇಂಗ್ಲಿಷ್ ಹಾಗೆಯೇ’ ಎಂದು ಬಾಯಿ ಮುಚ್ಚಿಸಬೇಡಿ. ಈ ಜಿ-ಎಚ್ ಹಿಂದೆ ಗಂಟಲಿನಿಂದ ಬರುವ, ‘ಖ್’ಗೆ ಹತ್ತಿರದ ದನಿಯಾಗಿತ್ತು, ಕ್ರಮೇಣ ಕೆಲವು ಪದಗಳಲ್ಲಿ ಅದು ಅಳಿಸಿಹೋಯಿತು, ಕೆಲವದರಲ್ಲಿ ‘ಫ್’ ಆಯಿತು. 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ತೆರೆದ ಮೇಲಿನ ಕಾಲದಲ್ಲಿ ಸ್ಪೆಲ್ಲಿಂಗ್ ನಿಧಾನವಾಗಿ ಒಂದು ಕಡೆ ನಿಂತಿತು, ಬಾಯಿಮಾತು ಬದಲಾಗುತ್ತಲೇ ಹೋಯಿತು.

ಕೊನೆಗೆ ಉಕ್ತಲೇಖನ. ರಾಶಿಗಳನ್ನು ಕಲಸಿ, ದಿನಕ್ಕೆ ಎಂಟೇ ಪದ ಹೇಳಿ, ತಪ್ಪಿದ ಚೀಟಿಯನ್ನು ಮರುದಿನ ಎಲ್ಲಕ್ಕಿಂತ ಮೇಲಿಡಿ. ಮೂರು ದಿನ ಸತತವಾಗಿ ತಪ್ಪಿಲ್ಲದಿದ್ದರೆ ಮಾತ್ರ ಎ-ಯು-ಜಿ-ಎಚ್ ಕುಟುಂಬದ ಕಾಟ್, ಟಾಟ್, ಡಾಟರ್ ಪದಗಳಿಗೆ ಹೊಸ ಚೀಟಿ ಕತ್ತರಿಸಬಹುದು. ಅಲ್ಲಿ ‘ಲಾಫ್’ ಒಂದನ್ನು ಮೊದಲ ದಿನವೇ ಬೇರೆ ಇಟ್ಟುಬಿಡಿ.