ಹ್ಯಾಂಡಿಕ್ಯಾಮ್‌ನ ಹಳೆಯ ವಿಡಿಯೊ ಮೊಬೈಲ್‌ನಲ್ಲೂ ಟಿ.ವಿ.ಯಲ್ಲೂ ಓಡಬೇಕೆ?

ಬೀರುವಿನಲ್ಲಿ ಹ್ಯಾಂಡಿಕ್ಯಾಮ್ ಇಟ್ಟುಕೊಂಡಿರುವ ಮನೆಗಳಲ್ಲೆಲ್ಲ ಈಗ ಒಂದೇ ದೂರು. ಹತ್ತು ಹದಿನೈದು ವರ್ಷಗಳ ಹಿಂದೆ ತೆಗೆದ ಮದುವೆ, ನಾಮಕರಣದ ವಿಡಿಯೊ ಮೊಬೈಲ್‌ನಲ್ಲಿ ತೆರೆಯುವುದಿಲ್ಲ, ತೆರೆದರೂ ಧ್ವನಿ ಬರುವುದಿಲ್ಲ. ಫೈಲ್ ಹೆಸರಿನ ಕೊನೆಯ ‘ಎಂಟಿಎಸ್’ ಅಳಿಸಿ ‘ಎಂಪಿ4’ ಎಂದು ಬರೆದು, ಕೆಲಸ ಮುಗಿಯಿತು ಎಂದುಕೊಳ್ಳುವವರು ಒಂದು ಪಂಗಡ. ಕಣ್ಣಿಗೆ ಬಿದ್ದ ಮೊದಲ ‘ಉಚಿತ ಕನ್ವರ್ಟರ್’ ಇಳಿಸಿಕೊಂಡು, ಧಾರೆಯೆರೆಯುವ ದೃಶ್ಯದ ನಟ್ಟನಡುವೆ ಯಾವುದೋ ಕಂಪನಿಯ ಮುದ್ರೆ ಒತ್ತಿಸಿಕೊಳ್ಳುವವರು ಇನ್ನೊಂದು ಪಂಗಡ. ಇವರ ನಷ್ಟವನ್ನಾದರೂ ಸರಿಪಡಿಸಬಹುದು. ಚಿತ್ರದಲ್ಲಿ ಗೆರೆಗಳು ಮೂಡಿದ್ದನ್ನು ಗಮನಿಸದೆ ಪರಿವರ್ತಿಸಿ, ಜಾಗ ಉಳಿಸಲೆಂದು ಮೂಲವನ್ನೂ ಅಳಿಸುವವರಿಗೆ ಮಾತ್ರ ಯಾರೂ ಏನೂ ಮಾಡಲಾಗದು.

ಸೋನಿ ಮತ್ತು ಪ್ಯಾನಸೋನಿಕ್ 2006ರಲ್ಲಿ ಸೇರಿ ತಂದ ಎವಿಸಿಎಚ್‌ಡಿ ಮಾದರಿಯ ಕ್ಯಾಮೆರಾಗಳಿಗೆ ಇಲ್ಲಿ ಹೇಳುವುದು ಪೂರ್ತಿ ಅನ್ವಯಿಸುತ್ತದೆ. ಟೇಪ್ ಹಾಕುವ ಮಿನಿಡಿವಿ ಕ್ಯಾಮೆರಾದ ಕಥೆ ಬೇರೆ. ಅದಕ್ಕೆ ಫೈರ್‌ವೈರ್ ಎಂಬ ಕೇಬಲ್ ಸಿಕ್ಕಿಸುವ ಕಿಂಡಿ ಇರುವ ಹಳೆಯ ಕಂಪ್ಯೂಟರನ್ನೇ ಹುಡುಕಬೇಕು.

ನಕಲು

ಕಾರ್ಡಿನಲ್ಲಿರುವ ‘ಪ್ರೈವೇಟ್’ ಅಥವಾ ‘ಎವಿಸಿಎಚ್‌ಡಿ’ ಎಂಬ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲಿಸಿ. ವಿಡಿಯೊಗಳಿರುವುದು ಅದರೊಳಗಿನ ‘ಬಿಡಿಎಂವಿ’, ಅದರೊಳಗಿನ ‘ಸ್ಟ್ರೀಮ್’ ಫೋಲ್ಡರಿನಲ್ಲಿ. ಆದರೂ ಅಷ್ಟನ್ನೇ ಹೆಕ್ಕಿಕೊಳ್ಳಬೇಡಿ. ಮ್ಯಾಕ್ ಕಂಪ್ಯೂಟರಿನಲ್ಲಿ ಈ ಫೋಲ್ಡರ್ ಒಂದೇ ಕಡತದಂತೆ ಕಾಣುತ್ತದೆ, ಬಲಗುಂಡಿ ಒತ್ತಿ ಒಳಗಿನದನ್ನು ತೋರಿಸುವಂತೆ ಕೇಳಬೇಕು. ಹಳೆಯ ಸೋನಿ ಕ್ಯಾಮೆರಾಗಳ ಮೆಮೊರಿ ಸ್ಟಿಕ್, ಎಸ್‌ಡಿ ಕಾರ್ಡ್ ರೀಡರಿನಲ್ಲಿ ಕೂರುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಗೆ ಹೋಗುವಾಗ ಸ್ಟಿಕ್ಕನ್ನೂ ಜೇಬಿನಲ್ಲಿಟ್ಟುಕೊಂಡು, ಅಂಗಡಿಯಲ್ಲೇ ಹಾಕಿ ನೋಡಿ ರೀಡರ್ ಕೊಳ್ಳಿ. ಕ್ಯಾಮೆರಾದ ಒಳಗೇ ಹಾರ್ಡ್ ಡಿಸ್ಕ್ ಇದ್ದರೆ ಚಾರ್ಜರ್ ಸಿಕ್ಕಿಸಿಯೇ ನಕಲಿಸಿ.

ಜೋಡಣೆ

ಉದ್ದನೆಯ ಚಿತ್ರೀಕರಣವನ್ನು ಕ್ಯಾಮೆರಾ ಸಾಮಾನ್ಯವಾಗಿ 2 ಜಿಬಿ ಅಥವಾ 4 ಜಿಬಿಗೊಮ್ಮೆ ತುಂಡು ಮಾಡಿರುತ್ತದೆ. ಮುಹೂರ್ತದ ಮಂತ್ರ ಒಂದು ಫೈಲಿನಲ್ಲಿ ಅರ್ಧಕ್ಕೆ ನಿಂತು ಮುಂದಿನ ಫೈಲಿನಲ್ಲಿ ಶುರುವಾಗುವುದು ಇದರಿಂದಲೇ. ತುಂಡುಗಳನ್ನು ಬೇರೆ ಬೇರೆಯಾಗಿ ಪರಿವರ್ತಿಸಿ ಆಮೇಲೆ ಅಂಟಿಸಿದರೆ ಸಂದಿನಲ್ಲಿ ಧ್ವನಿ ಮುಕ್ಕಾಗುತ್ತದೆ. ಹಾಗಾಗಿ ಮೊದಲು ಜೋಡಿಸಿ. ‘ಲಾಸ್‌ಲೆಸ್‌ಕಟ್’ ಎಂಬ ತಂತ್ರಾಂಶ ಚಿತ್ರವನ್ನು ಮುಟ್ಟದೆ ಇದನ್ನು ಮಾಡುತ್ತದೆ. ಆ್ಯಪ್ ಅಂಗಡಿಗಳಲ್ಲಿ ಅದಕ್ಕೆ ಹಣ ಕೇಳುತ್ತಾರೆ. ತಯಾರಕರ ಗಿಟ್‌ಹಬ್ ಪುಟದಲ್ಲಿ ಅದೇ ಉಚಿತ.

ಪರೀಕ್ಷೆ ಮತ್ತು ಪರಿವರ್ತನೆ

ನನ್ನ ಆಯ್ಕೆ ‘ಹ್ಯಾಂಡ್‌ಬ್ರೇಕ್’, ಬೇರೆ ಯಾವುದೂ ಬೇಡ. ಉಚಿತ, ಮುಕ್ತ ತಂತ್ರಾಂಶ. ಮುದ್ರೆ ಒತ್ತುವುದಿಲ್ಲ, ಅರ್ಧ ವಿಡಿಯೊ ಮಾಡಿ ದುಡ್ಡು ಕೇಳುವುದಿಲ್ಲ. ‘ಮೂವತ್ತು ಪಟ್ಟು ವೇಗ’ ಎಂದು ಜಾಹೀರಾತು ಕೊಡುವವುಗಳನ್ನು ದೂರವಿಡಿ. ವಿಡಿಯೊ ಅಪ್‌ಲೋಡ್ ಮಾಡಿಸಿಕೊಂಡು ಪರಿವರ್ತಿಸುವ ಜಾಲತಾಣಗಳೂ ಬೇಡ. ಸೆಕೆಂಡಿಗೆ 17 ಮೆಗಾಬಿಟ್‌ನಲ್ಲಿ ತೆಗೆದ ಒಂದು ಗಂಟೆಯ ವಿಡಿಯೊ ಏಳೂವರೆ ಜಿಬಿ ದಾಟುತ್ತದೆ. ಅಷ್ಟನ್ನು ಮೇಲಕ್ಕೇರಿಸುವ ತಾಪತ್ರಯ ಒತ್ತಟ್ಟಿಗಿರಲಿ, ಮನೆಮಂದಿಯ ವಿಡಿಯೊ ಅಪರಿಚಿತರ ಸರ್ವರಿನಲ್ಲಿ ಏಕಿರಬೇಕು?

ಇನ್ನು ಕಷ್ಟದ ಭಾಗ.

ಆ ಕಾಲದ ಕ್ಯಾಮೆರಾಗಳು ಪ್ರತಿ ಚಿತ್ರವನ್ನು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು. ಒಂದು ಸಲ ಬೆಸ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಸಮ ಗೆರೆಗಳು. ಕೊಳವೆ ಪರದೆಯ ಟಿ.ವಿ. ಅದೇ ಕ್ರಮದಲ್ಲಿ ಚಿತ್ರ ಬಿಡಿಸುತ್ತಿದ್ದುದರಿಂದ ತೊಂದರೆ ಇರಲಿಲ್ಲ. ಮೊಬೈಲ್ ಮತ್ತು ಕಂಪ್ಯೂಟರಿನ ಪರದೆ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುತ್ತದೆ. ಎರಡು ಕಂತುಗಳ ನಡುವೆ ಕೈ ಸರಿದಿದ್ದರೆ ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಈಗಿನ ಟಿ.ವಿ.ಗಳು ಮೂಲ ಫೈಲನ್ನು ಗುರುತಿಸಿ ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ‘ಟಿ.ವಿ.ಯಲ್ಲಿ ಚೆನ್ನಾಗಿದೆಯಲ್ಲ’ ಎಂದು ಜನ ಮೋಸ ಹೋಗುವುದು ಇಲ್ಲೇ. ಈ ಗೆರೆಗಳನ್ನು ಬಿಡಿಸದೆ ಪರಿವರ್ತಿಸಿದರೆ ಅವು ಚಿತ್ರದ ಭಾಗವೇ ಆಗಿಬಿಡುತ್ತವೆ. ಎತ್ತರವನ್ನೂ ತಗ್ಗಿಸಿದ್ದರೆ ಮುಗಿಯಿತು, ಆಮೇಲೆ ಯಾವ ಟಿ.ವಿ.ಯೂ ಬಿಡಿಸಲಾರದು.

ಪರೀಕ್ಷೆಗೆ ಚಲನೆ ಹೆಚ್ಚಿರುವ ತುಣುಕನ್ನೇ ಆರಿಸಿ. ಮಂಟಪದಲ್ಲಿ ಸುಮ್ಮನೆ ಕೂತ ವಧೂವರರಲ್ಲಿ ದೋಷ ಕಾಣುವುದಿಲ್ಲ. ಅಕ್ಷತೆ ಎರಚುವಾಗ, ಮಕ್ಕಳು ಓಡುವಾಗ ಕಾಣುತ್ತದೆ. ಕರಗದ ರಾತ್ರಿಯ ಚಿತ್ರೀಕರಣ ನಿಮ್ಮಲ್ಲಿದ್ದರೆ, ವೀರಕುಮಾರರು ಕತ್ತಿ ಝಳಪಿಸುವ ದೃಶ್ಯಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಅದನ್ನು ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು, ‘ವಿಡಿಯೊ’ ಪಟ್ಟಿಯಲ್ಲಿ ‘ಡಿಇಂಟರ್‌ಲೇಸ್’ (ಗೆರೆಗಳನ್ನು ಬಿಡಿಸುವ ಆಯ್ಕೆ) ಆಫ್ ಮಾಡಿ, ಓಡುತ್ತಿರುವಾಗ ನಿಲ್ಲಿಸಿ ನೋಡಿ. ಹಲ್ಲು ಕಂಡರೆ ಮುಂದಿನದು ನಿಮಗೆ ಬೇಕು. 2011ರ ನಂತರದ ಕೆಲವು ಕ್ಯಾಮೆರಾಗಳಲ್ಲಿ 50ಪಿ ಎಂಬ ವಿಧಾನವೂ ಇತ್ತು. ಅದರಲ್ಲಿ ತೆಗೆದಿದ್ದರೆ ಹಲ್ಲೂ ಇಲ್ಲ, ಈ ಗೋಜಲೂ ಇಲ್ಲ.

ವಿಎಲ್‌ಸಿಯಲ್ಲಿರುವಾಗಲೇ ‘ಕೋಡೆಕ್ ಮಾಹಿತಿ’ ತೆರೆದು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ, ಬರೆದಿಟ್ಟುಕೊಳ್ಳಿ. ಭಾರತದಲ್ಲಿ ಕೊಂಡ ಕ್ಯಾಮೆರಾ ಆದರೆ 25 ಇರುತ್ತದೆ. ಆದರೆ ಬೆಂಗಳೂರಿನಲ್ಲಿ ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟ ಕ್ಯಾಮೆರಾಗಳಿಗೆ ಬರವಿಲ್ಲ. ಅವುಗಳಲ್ಲಿ 29.97 ಇರುತ್ತದೆ. ಒಂದೇ ಮದುವೆಯನ್ನು ಎರಡೂ ಬಗೆಯ ಕ್ಯಾಮೆರಾದಲ್ಲಿ ತೆಗೆದಿದ್ದರೆ ಎರಡನ್ನೂ ಬೆರೆಸಬೇಡಿ, ಬೇರೆ ಬೇರೆಯಾಗಿಯೇ ಪರಿವರ್ತಿಸಿ.

ಹ್ಯಾಂಡ್‌ಬ್ರೇಕ್‌ನ ಸಿದ್ಧ ಆಯ್ಕೆಗಳು (ಪ್ರಿಸೆಟ್) ಹಲ್ಲುಗಳನ್ನು ಬಹುಮಟ್ಟಿಗೆ ತಾವಾಗಿಯೇ ತೆಗೆಯುತ್ತವೆ, ನಿಜ. ಆದರೆ ಎರಡು ಕಂತುಗಳನ್ನು ಒಂದೇ ಚಿತ್ರ ಮಾಡುವುದರಿಂದ ಚಲನೆಯ ಅರ್ಧ ಭಾಗ ಹೋಗುತ್ತದೆ, ನಡಿಗೆಯ ನಯವೂ ಹೋಗುತ್ತದೆ. ಬದಲಿಗೆ ‘ಫಿಲ್ಟರ್ಸ್’ ವಿಭಾಗಕ್ಕೆ ಹೋಗಿ. ‘ಇಂಟರ್‌ಲೇಸ್ ಡಿಟೆಕ್ಷನ್’ ಆಫ್ ಮಾಡಿ. ‘ಡಿಇಂಟರ್‌ಲೇಸ್’ ಎದುರು ‘ಬಿಡಬ್ಲ್ಯುಡಿಐಎಫ್’ ಆರಿಸಿ, ಹಳೆಯ ಆವೃತ್ತಿಯಲ್ಲಿ ಅದಿಲ್ಲದಿದ್ದರೆ ‘ಯಾಡಿಫ್’ ಸಾಕು. ಪಕ್ಕದ ಪಟ್ಟಿಯಲ್ಲಿ ‘ಬಾಬ್’ ಎಂದಿಡಿ. ಬಾಬ್ ಪ್ರತಿ ಕಂತನ್ನೂ ಒಂದು ಪೂರ್ತಿ ಚಿತ್ರವಾಗಿಸುತ್ತದೆ, ಅಂದರೆ 25 ಇದ್ದದ್ದು 50 ಆಗುತ್ತದೆ.

ಇಷ್ಟು ಮಾಡಿ ನಿಲ್ಲಿಸುವವರೇ ಹೆಚ್ಚು. ‘1080ಪಿ30’ ಎಂದು ಕೊನೆಗೊಳ್ಳುವ ಸಿದ್ಧ ಆಯ್ಕೆಯಲ್ಲಿ ಫ್ರೇಮ್ ರೇಟ್‌ಗೆ 30ರ ಮಿತಿ ಇರುತ್ತದೆ. ಐವತ್ತು ಚಿತ್ರಗಳಲ್ಲಿ ಇಪ್ಪತ್ತು ಅಲ್ಲೊಂದು ಇಲ್ಲೊಂದು ಉದುರಿ, ವಿಡಿಯೊ ಮೊದಲಿಗಿಂತ ಹೆಚ್ಚು ಎಗರುತ್ತದೆ. ಬೈಗುಳ ಬಾಬ್‌ಗೆ ಬೀಳುತ್ತದೆ. ‘ವಿಡಿಯೊ’ ವಿಭಾಗದಲ್ಲಿ ಫ್ರೇಮ್ ರೇಟ್ 50 ಎಂದೂ, ಅಮೆರಿಕದ ಕ್ಯಾಮೆರಾ ಆದರೆ 59.94 ಎಂದೂ ಇಟ್ಟು ‘ಕಾನ್‌ಸ್ಟಂಟ್’ ಗುರುತು ಹಾಕಿ. ಮನೆಯ ಟಿ.ವಿ. ತೀರ ಹಳೆಯದಾಗಿದ್ದು 1080 ಗೆರೆಗಳ 50 ಚಿತ್ರವನ್ನು ಎಳೆಯಲಾರದೆ ತಡವರಿಸಿದರೆ ಮಾತ್ರ ಬಾಬ್ ಬಿಟ್ಟು 25ಕ್ಕೆ ಇಳಿಯಿರಿ.

ಉಳಿದವು ಸುಲಭ. ಎನ್‌ಕೋಡರ್ ‘ಎಚ್.264’. ಎಚ್.265ರಲ್ಲಿ ಫೈಲ್ ಚಿಕ್ಕದಾಗುತ್ತದೆ, ಆದರೆ ಹಳೆಯ ಟಿ.ವಿ.ಗಳಿಗೆ ಅದರ ಪರಿಚಯವಿಲ್ಲ. ಎಲ್ಲ ಕಡೆ ಓಡಲಿ ಎಂದೇ ಇಷ್ಟೆಲ್ಲ ಮಾಡುತ್ತಿರುವಾಗ ಆ ಆಸೆ ಬೇಡ. ಗುಣಮಟ್ಟದ ಆರ್‌ಎಫ್ ಅಂಕಿ ಕಡಿಮೆಯಾದಷ್ಟೂ ಚಿತ್ರ ಉತ್ತಮ, ಫೈಲ್ ದೊಡ್ಡದು. ನಾನು 20ರಲ್ಲಿಡುತ್ತೇನೆ. ಗ್ರಾಫಿಕ್ಸ್ ಚಿಪ್ಪಿನ ಎನ್‌ಕೋಡರ್ ಆರಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಅಷ್ಟೇ ಗುಣಮಟ್ಟಕ್ಕೆ ಫೈಲ್ ಉಬ್ಬುತ್ತದೆ. ರಾತ್ರಿ ಹಚ್ಚಿ ಮಲಗುವವರಿಗೆ ಆ ಅವಸರವೇಕೆ? ಬೇಸಿಗೆಯಲ್ಲಿ ಕರೆಂಟ್ ಹೋಗುವ ಬಡಾವಣೆಯಾದರೆ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪಿನಲ್ಲಿ ಹಚ್ಚಿ. ಧ್ವನಿಯನ್ನು ‘ಎಎಸಿ’ಗೆ ಬದಲಿಸಿ, ಸೆಕೆಂಡಿಗೆ 192 ಕಿಲೊಬಿಟ್ ಸಾಕು. ಮೂಲದಲ್ಲಿ ಸಾಮಾನ್ಯವಾಗಿ ಡಾಲ್ಬಿಯ ಎಸಿ-3 ಇರುತ್ತದೆ, ಮೊಬೈಲ್ ಮೂಕವಾಗುವುದು ಅದರಿಂದಲೇ.

ಎಲ್ಲ ಹೊಂದಿಸಿದ ಮೇಲೆ ಮೂವತ್ತು ಸೆಕೆಂಡಿನ ತುಣುಕನ್ನಷ್ಟೇ ಪರಿವರ್ತಿಸಿ, ಮೊಬೈಲ್ ಮತ್ತು ಟಿ.ವಿ. ಎರಡರಲ್ಲೂ ನೋಡಿ. ಮುಖಗಳು ಉದ್ದುದ್ದ ಕಂಡರೆ ಅದು ಅಗಲದ ಲೆಕ್ಕದ ದೋಷ. ಜೆವಿಸಿಯಂತಹ ಕ್ಯಾಮೆರಾಗಳ ‘ಎಂಒಡಿ’ ಫೈಲುಗಳಲ್ಲಿ ಇದು ಮಾಮೂಲಿ. ‘ಡೈಮೆನ್ಷನ್ಸ್’ ವಿಭಾಗದಲ್ಲಿ ಪಿಕ್ಸೆಲ್ ಅನುಪಾತವನ್ನು 64:45 ಎಂದು ಕೈಯಾರೆ ಕೊಟ್ಟರೆ, 720 ಅಗಲ 576 ಎತ್ತರದ ಆ ಚಿತ್ರ ಸರಿಯಾದ 16:9ಕ್ಕೆ ಹಿಗ್ಗುತ್ತದೆ.

ಹಂಚುವುದು

ಹೊಸ ಫೈಲಿನ ದಿನಾಂಕ ಪರಿವರ್ತಿಸಿದ ದಿನದ್ದಾಗುತ್ತದೆ. ಆದ್ದರಿಂದ ಸಮಾರಂಭದ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ, ವರ್ಷ ಮೊದಲು ಬರಲಿ, ಆಗ ಫೋಲ್ಡರಿನಲ್ಲಿ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಕೆಲವು ಸ್ಟುಡಿಯೊಗಳು ‘ಡಿವಿಡಿ ಮಾಡಿಕೊಡುತ್ತೇವೆ’ ಎನ್ನುತ್ತವೆ. ನಮ್ಮಲ್ಲಿ ಡಿವಿಡಿಯ ಎತ್ತರ 576 ಗೆರೆ ಮಾತ್ರ, ನಿಮ್ಮ ಕ್ಯಾಮೆರಾ ತೆಗೆದದ್ದು 1080. ಅಂಥದ್ದಕ್ಕೆ ಹಣ ಕೊಡಬೇಡಿ. ಪೆನ್‌ಡ್ರೈವ್ ‘ಫ್ಯಾಟ್32’ ಮಾದರಿಯದಾದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಜಾಗವಿದ್ದರೂ ನಕಲಾಗಲಿಲ್ಲವೆಂದು ಅಂಗಡಿಯವನ ಜತೆ ಜಗಳಕ್ಕೆ ಹೋಗುವ ಮುನ್ನ ಅದನ್ನು ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿ, ಟಿ.ವಿ. ಅದನ್ನು ಓದದಿದ್ದರೆ ‘ಎನ್‌ಟಿಎಫ್‌ಎಸ್’ ಪ್ರಯತ್ನಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ವಿಡಿಯೊ ಎಂದು ಕಳುಹಿಸಬೇಡಿ, ಅದು ಹಿಂಡಿ ಹಿಪ್ಪೆ ಮಾಡಿಬಿಡುತ್ತದೆ. ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿದರೆ 2 ಜಿಬಿವರೆಗಿನ ಫೈಲ್ ಇದ್ದಂತೆಯೇ ತಲುಪುತ್ತದೆ.